ಹಣ ಕೊಟ್ಟು ಕೊಂಡ ಆಟಕ್ಕೆ ಬೀಗ ಏಕೆ?

ಪ್ರಶ್ನೆ: ದುಬೈಯಲ್ಲಿದ್ದ ನನ್ನ ಭಾವ 2006ರಲ್ಲಿ ಊರಿಗೆ ಬರುವಾಗ ಮಗನಿಗೆಂದು ಕಾರು ಓಟದ ಎರಡು ಆಟಗಳ ಅಸಲಿ ಡಿಸ್ಕ್ ತಂದಿದ್ದರು. ಈಗ ಮೊಮ್ಮಗಳಿಗೆ ತೋರಿಸೋಣವೆಂದು ಹೊಸ ಲ್ಯಾಪ್‌ಟಾಪಿಗೆ ಡಿವಿಡಿ ಡ್ರೈವ್ ಜೋಡಿಸಿದರೆ ಆಟ ಇನ್‌ಸ್ಟಾಲ್ ಆಗುತ್ತದೆ, ಆದರೆ ತೆರೆಯುವುದಿಲ್ಲ. ಒಂದು ಡಿಸ್ಕಿಗೆ ಬೂಷ್ಟು ಬೇರೆ ಹಿಡಿದಿದೆ. ಪಕ್ಕದ ಮನೆಯ ಹುಡುಗ ಕ್ರ್ಯಾಕ್, ಅಂದರೆ ಆಟದ ಬೀಗ ಮುರಿಯುವ ಫೈಲ್, ಹಾಕಿಕೊಡುತ್ತೇನೆ ಎನ್ನುತ್ತಾನೆ. ದುಡ್ಡು ಕೊಟ್ಟು ತಂದ ವಸ್ತುವಿಗೆ ಕಳ್ಳದಾರಿ ಹಿಡಿಯಬೇಕೇ?
– ಕಟಪಾಡಿಯ ಓದುಗರು

ಉತ್ತರ: ನಿಮ್ಮಂಥವರಿಗೆ ಈ ಪ್ರಶ್ನೆ ಕೇಳುವ ಸ್ಥಿತಿ ಬಂದಿದೆಯಲ್ಲ, ಅದೇ ನನಗೆ ಸಿಟ್ಟು ತರಿಸುತ್ತದೆ. ಬಿಜೈಯ ನನ್ನ ರಿಪೇರಿ ಅಂಗಡಿಗೆ ಇಂಥ ಡಿಸ್ಕ್ ಹಿಡಿದು ಬರುವವರು ಡ್ರೈವ್ ಕೆಟ್ಟಿದೆಯೆಂದೇ ನಂಬಿರುತ್ತಾರೆ. ಡ್ರೈವ್ ಚೆನ್ನಾಗಿಯೇ ಇರುತ್ತದೆ. ಆ ಕಾಲದ ಅನೇಕ ಆಟಗಳ ಡಿಸ್ಕಿನಲ್ಲಿ ಸೇಫ್‌ಡಿಸ್ಕ್ ಎಂಬ ಬೀಗ ಇರುತ್ತಿತ್ತು. ಡಿಸ್ಕಿನ ಕೆಲವು ಜಾಗಗಳನ್ನು ತಯಾರಿಸುವಾಗಲೇ ಸರಿಯಾಗಿ ಓದಲಾಗದಂತೆ ಕೆಡಿಸಿಡುತ್ತಿದ್ದರು. ಮನೆಯ ಸಾಮಾನ್ಯ ರೈಟರ್ ಆ ದೋಷವನ್ನು ಹಾಗೆಯೇ ನಕಲು ಮಾಡಲಾರದು. ಆಟ ತೆರೆಯುವಾಗ ಆ ದೋಷವನ್ನೇ ಹುಡುಕುತ್ತದೆ, ಸಿಗದಿದ್ದರೆ ಡಿಸ್ಕ್ ನಕಲಿಯೆಂದು ತೀರ್ಮಾನಿಸಿ ನಿಂತುಬಿಡುತ್ತದೆ.

ಈ ತಪಾಸಣೆಗೆ ವಿಂಡೋಸ್ ಒಳಗೆ ಡ್ರೈವರ್ ಎಂಬ ಒಂದು ಪುಟ್ಟ ತಂತ್ರಾಂಶ ಬೇಕು. ಅದು ಕಂಪ್ಯೂಟರಿನ ಸುರಕ್ಷತೆಗೆ ಅಪಾಯವೆಂದು ಮೈಕ್ರೋಸಾಫ್ಟ್ 2015ರಲ್ಲಿ ವಿಂಡೋಸ್ 10 ತಂದಾಗ ಅದನ್ನು ಕೈಬಿಟ್ಟಿತು. ಅದೇ ವರ್ಷ ಸೆಪ್ಟೆಂಬರಿನ ಅಪ್‌ಡೇಟ್ ಮೂಲಕ ವಿಂಡೋಸ್ 7 ಮತ್ತು 8ರಲ್ಲೂ ಅದನ್ನು ತಡೆಯಿತು. ತೆಗೆದದ್ದು ಸರಿಯೇ. ಆದರೆ ಬೀಗ ಹಾಕಿ ಮಾರಿದ ಕಂಪನಿಗಳಲ್ಲಿ ಎಷ್ಟೋ ಈಗ ಮುಚ್ಚಿವೆ, ಕೆಲವು ಹಳೆಯ ಆಟವನ್ನೇ ಮರೆತಿವೆ. ಬೀಗ ಮುರಿದ ಪ್ರತಿ ಇಟ್ಟುಕೊಂಡವನಿಗೆ ಇದರಿಂದ ತೊಂದರೆಯೇ ಇಲ್ಲ. ಪೆಟ್ಟಿಗೆ, ಡಿಸ್ಕ್ ಜೋಪಾನವಾಗಿ ಕಾಪಾಡಿದ ನಿಮಗೇ ತೊಂದರೆ.

ಇದು ಹೊಸ ಕಥೆಯಲ್ಲ. 2008ರಲ್ಲಿ ಬಂದ ಸ್ಪೋರ್ ಆಟವನ್ನು ಮೂರು ಸಲ ಮಾತ್ರ ಸಕ್ರಿಯಗೊಳಿಸಬಹುದೆಂದು ಮಿತಿ ಹಾಕಿದ್ದರು. ಕೊಂಡವರು ಅಮೆಜಾನ್‌ನಲ್ಲಿ ಒಂದೇ ನಕ್ಷತ್ರ ಕೊಟ್ಟು ಪ್ರತಿಭಟಿಸಿದ ಮೇಲೆ ಮಿತಿ ಐದಕ್ಕೆ ಏರಿತು. ಬೀಗ ಮುರಿದ ಪ್ರತಿಯಾದರೋ ಆಟ ಬಿಡುಗಡೆಯಾಗುವ ಮೊದಲೇ ಓಡಾಡುತ್ತಿತ್ತು!

ಇನ್ನು ಕಾನೂನು. ನಮ್ಮ 1957ರ ಕೃತಿಸ್ವಾಮ್ಯ ಕಾಯ್ದೆ ಈ ವಿಷಯದಲ್ಲಿ ಜನ ತಿಳಿದಿರುವುದಕ್ಕಿಂತ ಉದಾರವಾಗಿದೆ. ನ್ಯಾಯವಾಗಿ ಪಡೆದ ಪ್ರತಿ ಹಾಳಾದರೆ ಇರಲಿ ಎಂದು ಬ್ಯಾಕಪ್ ಪ್ರತಿ ಮಾಡಿಕೊಳ್ಳಲು 52ನೇ ಕಲಂ ಅವಕಾಶ ಕೊಟ್ಟಿದೆ. ಬೀಗ ಮುರಿಯುವುದಕ್ಕೆ ಎರಡು ವರ್ಷದವರೆಗೆ ಜೈಲು ಶಿಕ್ಷೆ ಎನ್ನುವ 65ಎ ಕಲಂ ಬಂದದ್ದು 2012ರ ತಿದ್ದುಪಡಿಯಲ್ಲಿ. ಆದರೆ ಅದು ಹೇಳುವುದು ಕೃತಿಸ್ವಾಮ್ಯ ಉಲ್ಲಂಘಿಸುವ ಉದ್ದೇಶದಿಂದ ಮುರಿದವರ ಬಗ್ಗೆ. ಕಾಯ್ದೆ ನಿಷೇಧಿಸದ ಉದ್ದೇಶಕ್ಕೆ ಮಾಡಿದ ಕೆಲಸವನ್ನು ಅದು ತಡೆಯುವುದಿಲ್ಲವೆಂದು ಅದೇ ಕಲಂನಲ್ಲಿ ಬರೆದಿದೆ. ನಿಮ್ಮ ಡಿಸ್ಕಿನಿಂದ ನೀವೇ ಆಡಲು ಹೊರಟರೆ ಯಾರೂ ನಿಮ್ಮನ್ನು ಕಳ್ಳರೆನ್ನಬಾರದು ಎಂಬುದು ನನ್ನ ದೃಢ ಅಭಿಪ್ರಾಯ. ನಾನು ವಕೀಲನಲ್ಲ, ಅದನ್ನೂ ನೆನಪಿಡಿ.

ಆದರೂ ಆ ಹುಡುಗನಿಗೆ ಬೇಡವೆನ್ನಿ. ಎಲ್ಲಿಂದಲೋ ಇಳಿಸಿಕೊಂಡ ಕ್ರ್ಯಾಕ್ ಫೈಲಿಗೆ ಆಂಟಿವೈರಸ್ ಅಡ್ಡ ಬಂದಾಗ ಆ ಆಂಟಿವೈರಸನ್ನೇ ಆಫ್ ಮಾಡಿ ಮುಂದೆ ಹೋಗುತ್ತಾರೆ. ಆಮೇಲೆ ಬ್ಯಾಂಕಿನ ಪಾಸ್‌ವರ್ಡ್ ಇರುವ ಅದೇ ಲ್ಯಾಪ್‌ಟಾಪ್ ನನ್ನ ಮೇಜಿಗೆ ಬರುತ್ತದೆ. ಮೊದಲು ಆ ಆಟ ಗಾಗ್ (GOG) ಎಂಬ ಆನ್‌ಲೈನ್ ಮಳಿಗೆಯಲ್ಲಿ ಇದೆಯೇ ನೋಡಿ. 2008ರಲ್ಲಿ ಶುರುವಾದ ಈ ಮಳಿಗೆ ಹಳೆಯ ಆಟಗಳನ್ನು ಬೀಗವಿಲ್ಲದೆ ಮಾರುತ್ತದೆ. ಎರಡನೇ ಸಲ ದುಡ್ಡು ಕೊಡಬೇಕಾಗುತ್ತದೆ, ಅದು ಅನ್ಯಾಯವೇ. ಅಲ್ಲಿ ಇಲ್ಲದಿದ್ದರೆ ಅಟ್ಟದ ಮೇಲಿರುವ ಹಳೆಯ ವಿಂಡೋಸ್ ಎಕ್ಸ್‌ಪಿ ಕಂಪ್ಯೂಟರನ್ನು ಇಳಿಸಿ, ಇಂಟರ್ನೆಟ್ ಜೋಡಿಸದೆ ಆಟಕ್ಕಷ್ಟೇ ಇಟ್ಟುಕೊಳ್ಳಿ.

ಬೂಷ್ಟು ಹಿಡಿದ ಡಿಸ್ಕನ್ನು ಉಗುರುಬೆಚ್ಚಗಿನ ನೀರಿಗೆ ಒಂದು ಹನಿ ಪಾತ್ರೆ ತೊಳೆಯುವ ಸೋಪು ಹಾಕಿ, ಮೆತ್ತನೆಯ ಬಟ್ಟೆಯಿಂದ ನಡುವಿನಿಂದ ಅಂಚಿನ ಕಡೆಗೆ ನೇರವಾಗಿ ಒರೆಸಿ. ಸುತ್ತು ಸುತ್ತಾಗಿ ಉಜ್ಜಬೇಡಿ, ಥಿನ್ನರ್ ಮುಟ್ಟಿಸಲೇಬೇಡಿ. ನಮ್ಮ ಕರಾವಳಿಯ ಮಳೆಗಾಲದಲ್ಲಿ ಗೋಡೆಗೆ ತಾಗಿಸಿಟ್ಟ ಕಪಾಟು ಡಿಸ್ಕಿಗೆ ಒಳ್ಳೆಯ ಜಾಗವಲ್ಲ. ಗಾಳಿಯಾಡದ ಡಬ್ಬಿಯಲ್ಲಿ ಸಿಲಿಕಾ ಜೆಲ್ ಪೊಟ್ಟಣದ ಜೊತೆ ಇಡಿ. ಬೆಳಕಿಗೆ ಹಿಡಿದಾಗ ಬೆಳ್ಳಿಯ ಪದರದಲ್ಲೇ ತೂತು ಕಂಡರೆ ಆ ಡಿಸ್ಕ್ ಉಳಿಯುವುದು ಕಷ್ಟ.

ಪ್ರಶ್ನೆ: ಸ್ಟೀಮ್ ಎಂಬ ಆನ್‌ಲೈನ್ ಆಟದ ಮಳಿಗೆಯಲ್ಲಿ ಕೊಂಡ ಆಟಗಳನ್ನು ಓದು ಮುಗಿದ ಮೇಲೆ ಕಾರ್ಕಳದಲ್ಲಿರುವ ತಮ್ಮನಿಗೆ ಕೊಡಬಹುದೇ?
– ಮಣಿಪಾಲದ ವಿದ್ಯಾರ್ಥಿ

ಉತ್ತರ: ಕೊಡುವಂತಿಲ್ಲ. ನೀವು ಪಡೆದದ್ದು ಆಡುವ ಪರವಾನಗಿ, ಅದು ನಿಮ್ಮ ಖಾತೆಗೆ ಅಂಟಿಕೊಂಡಿದೆ. ಇದನ್ನು ಮಾರುವಾಗಲೇ ಸ್ಪಷ್ಟವಾಗಿ ಹೇಳಬೇಕೆಂದು ಅಮೆರಿಕದ ಕ್ಯಾಲಿಫೋರ್ನಿಯಾ ರಾಜ್ಯ 2024ರಲ್ಲಿ ಕಾನೂನು ಮಾಡಿತು. ಆಮೇಲೆ ಸ್ಟೀಮ್ ತನ್ನ ಕಾರ್ಟ್ ಪುಟದಲ್ಲೇ ಅದನ್ನು ಬರೆಯತೊಡಗಿತು. ಪರವಾನಗಿಯನ್ನು ಹಿಂದೆ ಪಡೆದದ್ದೂ ಉಂಟು. 2014ರ ದಿ ಕ್ರ್ಯೂ ಎಂಬ ಕಾರು ಆಟ ಇಂಟರ್ನೆಟ್ಟಿನಲ್ಲಿ ಕಂಪನಿಯ ಸರ್ವರಿಗೆ ಜೋಡಿಸಿದರೆ ಮಾತ್ರ ನಡೆಯುತ್ತಿತ್ತು; ಆ ಸರ್ವರನ್ನು ಯುಬಿಸಾಫ್ಟ್ ಕಂಪನಿ 2024ರ ಮಾರ್ಚ್ 31ರಂದು ನಿಲ್ಲಿಸಿತು. ಡಿಸ್ಕ್ ಕೊಂಡವರಿಗೂ ಆಟ ಇಲ್ಲವಾಯಿತು. ಅದರಿಂದ ಕೆರಳಿದ ಯೂಟ್ಯೂಬರ್ ರಾಸ್ ಸ್ಕಾಟ್ ಶುರುಮಾಡಿದ ‘ಸ್ಟಾಪ್ ಕಿಲ್ಲಿಂಗ್ ಗೇಮ್ಸ್’ ಚಳವಳಿಯ ಅರ್ಜಿಗೆ ಯುರೋಪಿನಲ್ಲಿ 2025ರ ಜುಲೈಯಲ್ಲಿ ಹತ್ತು ಲಕ್ಷ ಸಹಿ ದಾಟಿತು. ನಮ್ಮಲ್ಲಿಯೂ ಗ್ರಾಹಕರು ಇದನ್ನು ಕೇಳಲೇಬೇಕು: ಸರ್ವರ್ ಮುಚ್ಚುವ ಮೊದಲು ಒಬ್ಬರೇ ಆಡುವಂತೆ ಆಟವನ್ನು ಬಿಡಿಸಿಕೊಟ್ಟು ಹೋಗಿ ಎಂದು.

ಸದ್ಯಕ್ಕೆ, ಒಂದೇ ಮನೆಯ ಆರು ಜನ ಆಟಗಳನ್ನು ಹಂಚಿಕೊಳ್ಳುವ ಸೌಲಭ್ಯ ಸ್ಟೀಮ್‌ನಲ್ಲಿದೆ, ಅದಕ್ಕೆ ತಮ್ಮನನ್ನು ಸೇರಿಸಿ. ಮುಂದೆ ಕೊಳ್ಳುವಾಗ ಅದೇ ಆಟ ಗಾಗ್‌ನಲ್ಲಿದ್ದರೆ ಅಲ್ಲಿಯೇ ಕೊಳ್ಳಿ. ಅಲ್ಲಿಯೂ ಸಿಗುವುದು ಪರವಾನಗಿಯೇ, ಆದರೆ ಇನ್‌ಸ್ಟಾಲರ್ ಫೈಲ್ ನಿಮ್ಮ ಕೈಗೆ ಬರುತ್ತದೆ. ಅದನ್ನು ಇಳಿಸಿದ ದಿನವೇ ಹೊರಗಿನ ಹಾರ್ಡ್ ಡಿಸ್ಕಿಗೆ ಹಾಕಿ, ರಸೀದಿಯ ಇಮೇಲನ್ನೂ ಜೊತೆಗಿಡಿ.