ಥಡಿಯಸ್ ಸ್ಟೀವನ್ಸ್: ಹೀರೋ ಅನ್ನಲೋ, ಆಷಾಢಭೂತಿ ಅನ್ನಲೋ?

ಗುಲಾಮಗಿರಿಯ ಕಡುವೈರಿ ಅನ್ನಿಸಿಕೊಂಡ ಹತ್ತೊಂಬತ್ತನೇ ಶತಮಾನದ ಅಮೆರಿಕದ ರಾಜಕಾರಣಿ ಸ್ಟೀವನ್ಸನೇ ಒಮ್ಮೆ ಗುಲಾಮರ ಒಡೆಯನ ಪರ ವಾದಿಸಿದ್ದನಲ್ಲ, ಎಂ.ಎ. ಪ್ರಬಂಧದಲ್ಲಿ ಇದನ್ನು ಹೇಗೆ ಹೊಂದಿಸಲಿ ಅಂತ ಕೇಳಿದ್ದೀರಿ. ನನ್ನ ಪ್ರಬಂಧ ಬರೆಯುವಾಗ ನಾನೂ ಇದೇ ಕೇಸಿನಲ್ಲಿ ಎಡವಿದವನು.

ಚಾರಿಟಿ ಬಟ್ಲರ್ ಮೇರಿಲ್ಯಾಂಡಿನ ಗುಲಾಮ ಹೆಂಗಸು. ಹೊರಗಿನ ಒಡೆಯ ತನ್ನ ಗುಲಾಮರನ್ನು ಪಕ್ಕದ ಪೆನ್ಸಿಲ್ವೇನಿಯಾ ರಾಜ್ಯದಲ್ಲಿ ಆರು ತಿಂಗಳು ಇಟ್ಟುಕೊಂಡರೆ ಅವರು ಸ್ವತಂತ್ರರು ಅನ್ನುತ್ತಿತ್ತು ಅಲ್ಲಿನ 1780ರ ಕಾಯ್ದೆ. ಬಂದು ಹೋಗಿ ಮಾಡಿದ ದಿನಗಳನ್ನೆಲ್ಲ ಕೂಡಿಸಿ ಲೆಕ್ಕ ಹಾಕಿ ಅಂತ ಅವಳ ಕಡೆಯವರು ವಾದಿಸಿದರು. ಗೆಟ್ಟಿಸ್‌ಬರ್ಗಿನ ಯುವ ವಕೀಲ ಸ್ಟೀವನ್ಸ್ ಒಡೆಯನ ಪರ ನಿಂತು, ಕೂಡಿಸೋ ಹಾಗಿಲ್ಲ, ಒಂದೇ ಸಮನೆ ಇದ್ದಿರಬೇಕು ಅಂತ ಪಟ್ಟು ಹಿಡಿದ. 1821ರಲ್ಲಿ ರಾಜ್ಯದ ಸುಪ್ರೀಂ ಕೋರ್ಟು ಅದನ್ನೇ ಒಪ್ಪಿತು. ತಾಯಿ ಮಕ್ಕಳು ಮತ್ತೆ ಗುಲಾಮಗಿರಿಗೆ.

1823ರ ಸ್ವಾತಂತ್ರ್ಯ ದಿನದ ಔತಣದಲ್ಲಿ ಇದೇ ಮನುಷ್ಯ, ಗುಲಾಮರಿಗೆ ಬೇಡಿ ತೊಡಿಸದವನೇ ಮುಂದಿನ ಅಧ್ಯಕ್ಷನಾಗಲಿ ಅಂತ ಹಾರೈಸಿದ. ನಡುವಿನ ಎರಡು ವರ್ಷಕ್ಕೆ ನಾನು ಪಶ್ಚಾತ್ತಾಪ ತುಂಬಿಬಿಟ್ಟೆ. ‘ಈ ಗೆಲುವೇ ಅವನ ಮನಸ್ಸಾಕ್ಷಿಯನ್ನು ಚುಚ್ಚಿತು’ ಅಂತ ಬರೆದೆ. ವೈವಾದಲ್ಲಿ ಹೊರಗಿನ ಪರೀಕ್ಷಕರು ಕೇಳಿದ್ದು ಒಂದೇ: ‘ಅವನು ಎಲ್ಲಿ ಹಾಗೆ ಹೇಳಿಕೊಂಡಿದ್ದಾನೆ?’ ಎಲ್ಲೂ ತೋರಿಸಲಾಗಲಿಲ್ಲ. ಊಹೆ ಸುಳ್ಳು ಅಂತಲ್ಲ, ನಿಜವೇ ಇರಬಹುದು. ಎಷ್ಟೋ ಇತಿಹಾಸಕಾರರೂ ಹಾಗೇ ಊಹಿಸಿದ್ದಾರೆ. ಆದರೆ ಅವರು ಊಹೆ ಅಂತ ಬರೆದರು, ನಾನು ನಡೆದದ್ದು ಅಂತ ಬರೆದೆ. ಅಷ್ಟಕ್ಕೇ ನಿಲ್ಲಲಿಲ್ಲ. ಮತದಾನದ ಹಕ್ಕನ್ನು ಬಿಳಿಯರಿಗಷ್ಟೇ ಕೊಟ್ಟ 1838ರ ರಾಜ್ಯ ಸಂವಿಧಾನಕ್ಕೆ ಅವನು ಸಹಿ ಹಾಕದ್ದೂ ಪ್ರಾಯಶ್ಚಿತ್ತ, ಓಡಿಬಂದ ಗುಲಾಮರನ್ನು ಹಿಡಿಯಲು ಬಂದವರಿಗೆ ಅಡ್ಡಿಯಾದರೆಂದು ಹೂಡಿದ 1851ರ ಕ್ರಿಸ್ಟಿಯಾನಾ ರಾಜದ್ರೋಹದ ಮೊಕದ್ದಮೆಯಲ್ಲಿ ಆರೋಪಿಯ ಪರ ನಿಂತದ್ದೂ ಪ್ರಾಯಶ್ಚಿತ್ತ! ಬುಡ ಅಲುಗಿದ ಮೇಲೆ ಎಲ್ಲ ಅಧ್ಯಾಯಗಳೂ ಉರುಳಿದವು. ಫಸ್ಟ್ ಕ್ಲಾಸೂ ಹೋಯಿತು.

ಅದಕ್ಕೇ ಹೇಳೋದು, ಹೊಂದಿಸಲೇಬೇಡಿ. ಹೀರೋನಾ ಆಷಾಢಭೂತಿನಾ ಅನ್ನೋದು ಟಿವಿ ಚರ್ಚೆಗೆ ಸರಿ. ವಕೀಲನಾಗಿ ಒಂದು ಕೇಸು ಹಿಡಿದ, ಗೆದ್ದ. ಅಷ್ಟನ್ನು ತೀರ್ಪಿನ ಸಮೇತ ಬರೆದು ಮುಂದೆ ಹೋಗಿ.

ಶಾಸಕನಾಗಿ ಮಾಡಿದ್ದರಲ್ಲಿ ನನಗೆ ಇಷ್ಟ 1835ರದ್ದು. ತೆರಿಗೆ ಹಣದಲ್ಲಿ ಎಲ್ಲರ ಮಕ್ಕಳಿಗೂ ಶಾಲೆ ಅಂತ ಹಿಂದಿನ ವರ್ಷ ಬಂದಿದ್ದ ಕಾಯ್ದೆಯನ್ನು ರದ್ದು ಮಾಡಲು ರಾಜ್ಯದ ಸೆನೆಟ್ ಆಗಲೇ ಒಪ್ಪಿತ್ತು. ಕೆಳಮನೆಯಲ್ಲಿ ಎದ್ದು ನಿಂತು ಮಾತಾಡಿ ಕಾಯ್ದೆ ಉಳಿಸಿದ. ಸ್ವಂತ ಮಕ್ಕಳಿಲ್ಲದವನು, ನೋಡಿ.

ಅಧ್ಯಕ್ಷ ಜಾನ್ಸನ್ ಮೇಲೆ ಅವನೂ ಮುಂದೆ ನಿಂತು ತಂದ 1868ರ ಮಹಾಭಿಯೋಗವನ್ನು ಎರಡು ಪುಟದಲ್ಲಿ ಮುಗಿಸಿ. ಉಳಿದ ಪುಟಗಳನ್ನು ದಕ್ಷಿಣದ ದೊಡ್ಡ ಜಮೀನ್ದಾರರ ಭೂಮಿ ಕಿತ್ತುಕೊಂಡು ಬಿಡುಗಡೆಯಾದವರಿಗೆ ತಲಾ 40 ಎಕರೆ ಹಂಚುವ ಅವನ ಯೋಜನೆಗೆ ಕೊಡಿ. ಅಮೆರಿಕದ ಸಂಸತ್ತಾದ ಕಾಂಗ್ರೆಸ್ ಅದನ್ನು ಯಾಕೆ ಒಪ್ಪಲಿಲ್ಲ ಅನ್ನೋದೇ ಒಂದು ಪೂರ್ತಿ ಪ್ರಬಂಧವಾಗುತ್ತೆ.