ರಾತ್ರಿ ಡಬ್ಬಿ ತಡಕುವ ಹಸಿವು ಹುಟ್ಟುವುದು ಮಧ್ಯಾಹ್ನ

ಪ್ರಶ್ನೆ: ನನಗೆ 36 ವರ್ಷ. ಬಟ್ಟೆ ಅಂಗಡಿಯಲ್ಲಿ ಲೆಕ್ಕ ಬರೆಯುತ್ತೇನೆ. ಮಧ್ಯಾಹ್ನ ಊಟಕ್ಕೆ ಪುರುಸೊತ್ತಿಲ್ಲ. ದಪ್ಪ ಆಗಿದ್ದೇನೆ ಅಂತ ಬೇಕಂತಲೇ ಬಿಡುವುದೂ ಉಂಟು. ಸಂಜೆ ಮಂಡಕ್ಕಿ, ಮೆಣಸಿನಕಾಯಿ ಬಜ್ಜಿ ಕಟ್ಟಿಸಿಕೊಂಡು ಬಂದು ಟಿವಿ ಮುಂದೆ ಕೂತರೆ ಪೊಟ್ಟಣ ಖಾಲಿಯಾದದ್ದೇ ಗೊತ್ತಾಗುವುದಿಲ್ಲ. ಮಕ್ಕಳು ಮಲಗಿದ ಮೇಲೆ ಮತ್ತೆ ಡಬ್ಬಿ ತಡಕುತ್ತೇನೆ. ಆಮೇಲೆ ನನ್ನ ಮೇಲೆ ನನಗೇ ಸಿಟ್ಟು. ಮನಸ್ಸು ಹತೋಟಿಗೆ ಬರಲು ಏನು ಮಾಡಲಿ?
– ಓದುಗರು, ದಾವಣಗೆರೆ

ಉತ್ತರ: ಮೊದಲು ಆ ಸಿಟ್ಟು ಬಿಡಿ. ನಿಮ್ಮ ಮನಸ್ಸು ಗಟ್ಟಿಯಿಲ್ಲ ಅಂತ ನನಗೆ ಅನ್ನಿಸುವುದಿಲ್ಲ. ಬೆಳಿಗ್ಗೆ ತಿಂಡಿ ತಿಂದು ಸಂಜೆವರೆಗೆ ಬರೀ ಟೀ ಕುಡಿದು ದುಡಿದರೆ ಯಾರಿಗಾದರೂ ಹೀಗೇ ಆಗುತ್ತದೆ. ನೀವು ಲೆಕ್ಕ ಬರೆಯುವವರು, ನಿಮಗೆ ಬೇಗ ತಿಳಿಯುತ್ತದೆ: ಮಧ್ಯಾಹ್ನ ಉಳಿಸಿದ್ದನ್ನು ದೇಹ ರಾತ್ರಿ ಬಡ್ಡಿ ಸಮೇತ ವಸೂಲಿ ಮಾಡುತ್ತದೆ.

ಹಾಗಾಗಿ ಎಲ್ಲಕ್ಕಿಂತ ಮೊದಲು ಮಧ್ಯಾಹ್ನದ ಊಟ. ಎರಡು ಜೋಳದ ರೊಟ್ಟಿ, ಹೆಸರುಕಾಳಿನ ಪಲ್ಯ, ಸ್ವಲ್ಪ ಶೇಂಗಾ ಚಟ್ನಿ, ಮೊಸರು. ಇಷ್ಟು ಸಾಕು. ಕಾಳು, ಮೊಸರು, ನಾರಿನಂಶ ಇರುವ ಊಟ ಹೊಟ್ಟೆಯಲ್ಲಿ ತುಂಬಾ ಹೊತ್ತು ನಿಲ್ಲುತ್ತದೆ. ಗಿರಾಕಿ ಜಾಸ್ತಿ ಇದ್ದರೆ ಜೊತೆಯವರೊಂದಿಗೆ ಸರದಿ ಮಾತಾಡಿಕೊಳ್ಳಿ. ಬೇರೇನೂ ಆಗದಿದ್ದರೂ ಇದೊಂದನ್ನು ಬಿಡಬೇಡಿ.

ಮಂಡಕ್ಕಿ ಬಿಡಿ ಅಂತ ದಾವಣಗೆರೆಯವರಿಗೆ ಹೇಳುವುದು ಸರಿಯಲ್ಲ, ಬೇಕಾಗಿಯೂ ಇಲ್ಲ. ಬರೀ ಮಂಡಕ್ಕಿ ಹಗುರ. ಆದರೆ ಅದರಲ್ಲಿ ಪ್ರೊಟೀನ್, ನಾರು ಕಡಿಮೆ, ಹಸಿವು ಬೇಗ ಮರಳುತ್ತದೆ. ಭಾರ ಆಗುವುದು ಎಣ್ಣೆ, ಖಾರಾ ಸೇವು, ಬಜ್ಜಿಯಿಂದ. ಮನೆಯಲ್ಲೇ ಒಂದು ತಟ್ಟೆಗೆ ಹಾಕಿ ಈರುಳ್ಳಿ, ಸೌತೆಕಾಯಿ, ಮೊಳಕೆ ಹೆಸರುಕಾಳು ಬೆರೆಸಿಕೊಳ್ಳಿ. ಬಜ್ಜಿ ಬೇಕೆನಿಸಿದ ದಿನ ಒಂದು ತಿನ್ನಿ, ರುಚಿ ನೋಡುತ್ತಾ ತಿನ್ನಿ. ಟಿವಿ ಆಫ್ ಇರಲಿ. ಹೊಟ್ಟೆ ತುಂಬಿದ ಸುದ್ದಿ ಮೆದುಳಿಗೆ ಪೂರ್ತಿ ಮುಟ್ಟಲು ಸುಮಾರು 20 ನಿಮಿಷ ಬೇಕು. ಟಿವಿ ಮುಂದೆ ಪೊಟ್ಟಣ ಅದಕ್ಕೂ ಮೊದಲೇ ಮುಗಿದಿರುತ್ತದೆ, ಅಲ್ವಾ?

ಇನ್ನು ಮನಸ್ಸಿನ ವಿಷಯ. ಒತ್ತಡದಲ್ಲಿ ಕಾರ್ಟಿಸಾಲ್ ಹಾರ್ಮೋನ್ ಏರುತ್ತದೆ. ಅದು ಏರಿದಾಗ ನಾಲಿಗೆ ಸಿಹಿ, ಎಣ್ಣೆ ತಿಂಡಿಯನ್ನೇ ಕೇಳುತ್ತದೆ. ಅಂಗಡಿಯಿಂದ ಬಂದವರು ನೇರ ಅಡುಗೆಮನೆಗೆ ಹೋಗಬೇಡಿ. ಕೈಕಾಲು ಮುಖ ತೊಳೆದು, ನೀರು ಕುಡಿದು, ಐದು ನಿಮಿಷ ಬಾಗಿಲ ಹತ್ತಿರ ಸುಮ್ನೆ ಕೂತುಕೊಳ್ಳಿ. ನಾಲ್ಕು ಎಣಿಸುತ್ತಾ ಉಸಿರು ಎಳೆದುಕೊಳ್ಳಿ, ಆರು ಎಣಿಸುತ್ತಾ ಬಿಡಿ. ಉಸಿರು ಬಿಡುವುದು ಉದ್ದವಾದಷ್ಟು ಎದೆಬಡಿತ ನಿಧಾನವಾಗುತ್ತದೆ. ಮೊಬೈಲ್ ಒಳಗಿರಲಿ. ಮಕ್ಕಳು ಬಂದು ಪಕ್ಕ ಕೂತರೂ ತೊಂದರೆಯಿಲ್ಲ, ಅವರೂ ಎಣಿಸಲಿ.

ರಾತ್ರಿ ಡಬ್ಬಿಗೆ ಕೈ ಹೋದಾಗ ನಿಮ್ಮನ್ನೇ ಕೇಳಿಕೊಳ್ಳಿ: ಈಗ ಮೊಸರನ್ನ ಕೊಟ್ಟರೆ ತಿನ್ನುತ್ತೇನಾ? ಹೌದು ಅನ್ನಿಸಿದರೆ ಅದು ನಿಜವಾದ ಹಸಿವು, ಒಂದಿಷ್ಟು ಮೊಸರನ್ನವನ್ನೇ ಉಣ್ಣಿ. ಚಕ್ಕುಲಿಯೇ ಬೇಕು ಅನ್ನಿಸಿದರೆ ಅದು ಹೆಚ್ಚಾಗಿ ದಣಿವು. ಹತ್ತು ನಿಮಿಷ ಬೇರೆ ಕೆಲಸ ಮಾಡಿ, ಆಸೆ ಸಾಮಾನ್ಯವಾಗಿ ಏರಿ ತಾನೇ ಇಳಿಯುತ್ತದೆ. ಬೇಗ ಮಲಗಿ. ನಿದ್ದೆ ಕೆಟ್ಟರೆ ಹಸಿವು ಹೆಚ್ಚಿಸುವ ಗ್ರೆಲಿನ್ ಹಾರ್ಮೋನ್ ಏರಬಹುದು, ಸಾಕು ಅನ್ನಿಸುವ ಲೆಪ್ಟಿನ್ ಹಾರ್ಮೋನ್ ಇಳಿಯಬಹುದು. ಭಾನುವಾರ ಬಿಡುವಿದ್ದರೆ ಕುಂದವಾಡ ಕೆರೆ ಕಡೆ ನಡೆದು ಬನ್ನಿ.

ಒಂದು ಎಚ್ಚರಿಕೆ. ಸಕ್ಕರೆ ಕಾಯಿಲೆಗೆ ಮಾತ್ರೆ ಅಥವಾ ಇನ್ಸುಲಿನ್ ತೆಗೆದುಕೊಳ್ಳುತ್ತಿದ್ದರೆ ಊಟ ಬಿಡುವುದು ಅಪಾಯ, ಸಕ್ಕರೆ ದಿಢೀರ್ ಇಳಿಯಬಹುದು. ಯಾರಿಗೂ ಕಾಣದಂತೆ, ಹೊಟ್ಟೆ ನೋಯುವಷ್ಟು ತಿಂದರೂ ನಿಲ್ಲಿಸಲಾಗದ ಸ್ಥಿತಿ ವಾರಕ್ಕೊಮ್ಮೆಯಾದರೂ ಬರುತ್ತಾ ಮೂರು ತಿಂಗಳಾಗಿದ್ದರೆ ಅದು ಚಿಕಿತ್ಸೆ ಇರುವ ಕಾಯಿಲೆ. ನಾಚಿಕೆ ಪಡಬೇಡಿ, ಮನೋವೈದ್ಯರನ್ನು ಕಾಣಿ. ಹೋಗಲು ಹಿಂಜರಿಕೆಯಾದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ 14416 ಸಂಖ್ಯೆಗೆ ಕರೆ ಮಾಡಿ. ಹಗಲು ರಾತ್ರಿ ಉಚಿತ, ಕನ್ನಡದಲ್ಲೇ ಮಾತಾಡಬಹುದು.