ಎರಡನೆಯವರಾಗಿ ಬಂದ ಲ್ಯಾರಿ ಡೋಬಿ

ಜಾಕಿ ರಾಬಿನ್ಸನ್ ಅಮೆರಿಕದ ಬೇಸ್‌ಬಾಲ್‌ನಲ್ಲಿದ್ದ ವರ್ಣಭೇದದ ಗೋಡೆಯನ್ನು ಒಡೆದ ಮೇಲೆ, ಅವರ ಹಿಂದೆ ಬಂದ ಕಪ್ಪು ಆಟಗಾರರಿಗೆ ದಾರಿ ಸಲೀಸಾಯಿತೇ ಎಂದು ಕೇಳಿದ್ದೀರಿ. ಖಂಡಿತ ಇಲ್ಲ. ರಾಬಿನ್ಸನ್ ನಂತರ ಎರಡನೆಯವರಾಗಿ ಬಂದ ಕಪ್ಪು ಆಟಗಾರ ಲ್ಯಾರಿ ಡೋಬಿ ಅವರ ಬದುಕನ್ನು ಓದಿಕೊಂಡ ಮೇಲೆ ನನಗೆ ಈ ವಿಷಯದಲ್ಲಿ ಅನುಮಾನವೇ ಉಳಿದಿಲ್ಲ.

ರಾಬಿನ್ಸನ್ 1947ರ ಏಪ್ರಿಲ್ 15ರಂದು ಮೇಜರ್ ಲೀಗ್ ಎಂಬ ಉನ್ನತ ಮಟ್ಟದ ಬೇಸ್‌ಬಾಲ್‌ನ ಎರಡು ಭಾಗಗಳಲ್ಲಿ ಒಂದಾದ ನ್ಯಾಷನಲ್ ಲೀಗ್‌ನ ಬ್ರೂಕ್ಲಿನ್ ಡಾಡ್ಜರ್ಸ್ ಪರವಾಗಿ ಕಣಕ್ಕಿಳಿದರು. ಡೋಬಿ ಅದೇ ವರ್ಷ ಜುಲೈ 5ರಂದು ಇನ್ನೊಂದು ಭಾಗವಾದ ಅಮೆರಿಕನ್ ಲೀಗ್‌ನ ಕ್ಲೀವ್‌ಲ್ಯಾಂಡ್ ತಂಡಕ್ಕೆ ಬಂದರು. ನಡುವೆ ಇದ್ದದ್ದು ಹನ್ನೊಂದೇ ವಾರ. ಅಷ್ಟರಲ್ಲಿ ಒಂದು ದೇಶದ ಮನಸ್ಸು ಬದಲಾಗುವುದುಂಟೇ? ಆ ಕಾಲದಲ್ಲಿ ಎರಡು ಲೀಗ್‌ಗಳ ತಂಡಗಳು, ಎರಡರ ವಿಜೇತರು ಸೆಣಸುವ ವರ್ಲ್ಡ್ ಸೀರೀಸ್ ಬಿಟ್ಟರೆ, ಋತುವಿನ ಪಂದ್ಯಗಳಲ್ಲಿ ಪರಸ್ಪರ ಆಡುತ್ತಲೇ ಇರಲಿಲ್ಲ. ಹಾಗಾಗಿ ಡೋಬಿ ಕಾಲಿಟ್ಟ ಲೀಗ್‌ಗೆ ಅವರೇ ಮೊದಲಿಗರು.

ಇನ್ನೊಂದು ಮುಖ್ಯ ವ್ಯತ್ಯಾಸವಿದೆ. ಡಾಡ್ಜರ್ಸ್ ತಂಡದ ಮುಖ್ಯಸ್ಥ ಬ್ರಾಂಚ್ ರಿಕಿ 1945ರಲ್ಲೇ ರಾಬಿನ್ಸನ್ ಅವರನ್ನು ಆರಿಸಿ, 1946ರ ಇಡೀ ಋತುವನ್ನು ಮಾಂಟ್ರಿಯಲ್‌ನಲ್ಲಿದ್ದ ಡಾಡ್ಜರ್ಸ್‌ನ ಕೆಳಹಂತದ ತಂಡದಲ್ಲಿ ಆಡಿಸಿ ಸಿದ್ಧಗೊಳಿಸಿದ್ದರು. ಡೋಬಿಗೆ ಆ ಭಾಗ್ಯ ಸಿಗಲಿಲ್ಲ. ಜುಲೈ 4ರಂದು ಕಪ್ಪು ಆಟಗಾರರಿಗೆಂದೇ ಇದ್ದ ನೀಗ್ರೋ ಲೀಗ್‌ನ ನ್ಯೂಆರ್ಕ್ ಈಗಲ್ಸ್ ಪರವಾಗಿ ಆಡಿದ ಇಪ್ಪತ್ಮೂರರ ಹುಡುಗ, ಮರುದಿನ ಚಿಕಾಗೋದಲ್ಲಿ ಮೇಜರ್ ಲೀಗ್ ಆಟಗಾರ! ನಾಯಕ ಲೂ ಬೂಡ್ರೊ ಪರಿಚಯಿಸಿದಾಗ ಕೆಲವು ಸಹ ಆಟಗಾರರು ಕೈಕುಲುಕಲೂ ಒಪ್ಪಲಿಲ್ಲ. ಅಭ್ಯಾಸಕ್ಕೆ ಜೊತೆಯಿಲ್ಲದೆ ನಿಂತಿದ್ದ ಅವರೊಡನೆ ಚೆಂಡು ಎಸೆದಾಡಲು ಬಂದವರು ಜೋ ಗಾರ್ಡನ್. ಗಾರ್ಡನ್ ಎರಡನೇ ಬೇಸ್‌ನ ಆಟಗಾರ. ಡೋಬಿ ನ್ಯೂಆರ್ಕ್‌ನಲ್ಲಿ ಆಡುತ್ತಿದ್ದದ್ದೂ ಅದೇ ಸ್ಥಾನದಲ್ಲಿ. ತನ್ನ ಜಾಗವನ್ನೇ ಕಸಿಯಬಹುದಾದವನ ಕೈಹಿಡಿದ ಆ ದೊಡ್ಡತನವನ್ನು ನಾನು ಬಹಳ ಗೌರವಿಸುತ್ತೇನೆ.

ಆ ವರ್ಷ ಡೋಬಿ 32 ಬ್ಯಾಟಿಂಗ್ ಅವಕಾಶಗಳಲ್ಲಿ ಗಳಿಸಿದ್ದು ಐದೇ ಹಿಟ್, ಅಂದರೆ ಚೆಂಡನ್ನು ಹೊಡೆದು ಬೇಸ್ ತಲುಪಿದ್ದು ಐದೇ ಸಲ. ಅವರ ಕಥೆ ಅಲ್ಲಿಗೇ ಮುಗಿಯಬಹುದಿತ್ತು. ಆದರೆ 1948ರಲ್ಲಿ ಅವರನ್ನು ಮೈದಾನದ ಹೊರಭಾಗವಾದ ಔಟ್‌ಫೀಲ್ಡ್‌ಗೆ ಕಳುಹಿಸಲಾಯಿತು. ಹೊಸ ಜಾಗವನ್ನು ಕಲಿಯುತ್ತಲೇ .301 ಸರಾಸರಿಯಲ್ಲಿ, ಅಂದರೆ ಹತ್ತು ಅವಕಾಶಕ್ಕೆ ಸುಮಾರು ಮೂರು ಹಿಟ್‌ನಂತೆ, ಬ್ಯಾಟ್ ಮಾಡಿದರು. ಬೇಸ್‌ಬಾಲ್‌ನಲ್ಲಿ .300 ದಾಟುವುದೆಂದರೆ ದೊಡ್ಡ ಮಾತು. ಆ ವರ್ಷದ ವರ್ಲ್ಡ್ ಸೀರೀಸ್‌ನ ನಾಲ್ಕನೇ ಪಂದ್ಯದಲ್ಲಿ ಅವರ ಹೋಮ್ ರನ್ (ಒಂದೇ ಹೊಡೆತಕ್ಕೆ ಎಲ್ಲ ಬೇಸ್ ಸುತ್ತಿ ಗಳಿಸುವ ರನ್) ಕ್ಲೀವ್‌ಲ್ಯಾಂಡ್ ತಂಡವನ್ನು 2-1ರಿಂದ ಗೆಲ್ಲಿಸಿತು. ಪಂದ್ಯ ಮುಗಿದ ಮೇಲೆ ಅದೇ ತಂಡದ ಬಿಳಿಯ ಪಿಚರ್ (ಚೆಂಡೆಸೆಯುವವರು) ಸ್ಟೀವ್ ಗ್ರೊಮೆಕ್ ಮತ್ತು ಡೋಬಿ ಕೆನ್ನೆಗೆ ಕೆನ್ನೆ ತಾಗಿಸಿ, ಅಪ್ಪಿಕೊಂಡು ನಗುತ್ತಿರುವ ಛಾಯಾಚಿತ್ರ ದೇಶದ ಪತ್ರಿಕೆಗಳಲ್ಲೆಲ್ಲ ಅಚ್ಚಾಯಿತು. ಕಪ್ಪು ಮತ್ತು ಬಿಳಿಯ ಆಟಗಾರರು ಒಂದೇ ಹೋಟೆಲಿನಲ್ಲಿ ತಂಗಲಾಗದ ಊರುಗಳಿದ್ದ ಕಾಲ ಅದು. ಸಾಧ್ಯವಾದರೆ ಆ ಚಿತ್ರವನ್ನು ಹುಡುಕಿ ನೋಡಿ. ನನಗಂತೂ ಅದು ಯಾವ ಟ್ರೋಫಿಗಿಂತಲೂ ದೊಡ್ಡದಾಗಿ ಕಾಣುತ್ತದೆ.

ಮುಂದೆ 1952 ಮತ್ತು 1954ರಲ್ಲಿ ಅಮೆರಿಕನ್ ಲೀಗ್‌ನಲ್ಲಿ ಅತಿ ಹೆಚ್ಚು ಹೋಮ್ ರನ್ ಹೊಡೆದವರು ಅವರೇ. 1978ರಲ್ಲಿ ಚಿಕಾಗೋ ವೈಟ್ ಸಾಕ್ಸ್ ತಂಡದ ಮ್ಯಾನೇಜರ್ (ಮುಖ್ಯ ತರಬೇತುದಾರ) ಆದಾಗಲೂ ಅವರು ಎರಡನೇ ಕಪ್ಪು ಮ್ಯಾನೇಜರ್. ಫ್ರಾಂಕ್ ರಾಬಿನ್ಸನ್ ಮೊದಲಿಗರಾಗಿದ್ದರು. ಜಾಕಿ ರಾಬಿನ್ಸನ್ 1962ರಲ್ಲಿ ಶ್ರೇಷ್ಠ ಆಟಗಾರರನ್ನು ಗೌರವಿಸುವ ಹಾಲ್ ಆಫ್ ಫೇಮ್ ಸೇರಿದರೆ, ಡೋಬಿ 1998ರವರೆಗೆ ಕಾಯಬೇಕಾಯಿತು. ಇದು ಅನ್ಯಾಯವೆಂದೇ ನನ್ನ ಭಾವನೆ.

ದಾರಿ ನಿಜಕ್ಕೂ ಸಲೀಸಾಗಿದ್ದರೆ ಉಳಿದ ತಂಡಗಳು ಅಷ್ಟು ವರ್ಷ ತಡಮಾಡುತ್ತಿದ್ದವೇ? ಬಾಸ್ಟನ್ ರೆಡ್ ಸಾಕ್ಸ್ ತನ್ನ ಮೊದಲ ಕಪ್ಪು ಆಟಗಾರ ಪಂಪ್ಸಿ ಗ್ರೀನ್ ಅವರನ್ನು ಕಣಕ್ಕಿಳಿಸಿದ್ದು 1959ರ ಜುಲೈನಲ್ಲಿ. ಅಷ್ಟರಲ್ಲಿ ಜಾಕಿ ರಾಬಿನ್ಸನ್ ಆಟದಿಂದಲೇ ನಿವೃತ್ತರಾಗಿದ್ದರು.